ಕುರ್ಚಿ ಎಣಿಸುವ ಕೆಲಸ

ಎಲ್ಲಿಗೆ ಹೋದರೂ ಮೊದಲು ಕುರ್ಚಿಗಳನ್ನು ಎಣಿಸುವ ದುರಭ್ಯಾಸವೊಂದು ನನಗಿದೆ. ಮದುವೆಮನೆಯಲ್ಲಿ ವಧೂವರರ ಮುಖಾರವಿಂದಕ್ಕಿಂತ ಮುಂಚೆ ಕುರ್ಚಿಗಳ ಸಾಲೇ ನನ್ನ ಕಣ್ಣಿಗೆ ಬೀಳುತ್ತದೆ. ನಿಮಗಿದು ತಮಾಷೆಯೆನಿಸಬಹುದು, ನನ್ನ ಹೆಂಡತಿಗೆ ಮಾತ್ರ ನಾಚಿಕೆ.

ಅರವತ್ತರ ದಶಕದ ಮೊದಲಲ್ಲಿ ನಾನು ಯಶವಂತಪುರದ ಕಡೆಯ ಒಂದು ಲಾರಿ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಹೊಸ ಲಾರಿಯ ನಕ್ಷೆ ಸಿದ್ಧವಾದಾಗಲೆಲ್ಲ ನಕ್ಷೆ ಬರೆದವರು, ವರ್ಕ್‌ಶಾಪಿನವರು, ಸ್ಟೋರ್ಸಿನವರು, ಮಾರುವವರು ಒಟ್ಟಿಗೆ ಕೂತು ಅದನ್ನು ಪರಿಶೀಲಿಸಿ ಸಹಿ ಹಾಕಬೇಕು. ಈ ನಾಲ್ಕು ವಿಭಾಗಗಳ ನಾಲ್ವರು ಮುಖ್ಯಸ್ಥರನ್ನು ಒಂದೇ ಮೇಜಿನ ಸುತ್ತ ಕೂರಿಸುವ ಭಗೀರಥಪ್ರಯತ್ನ ನನ್ನ ಪಾಲಿನದು. ಒಬ್ಬರಿಗೆ ರಾಹುಕಾಲ ಆಗದು, ಇನ್ನೊಬ್ಬರಿಗೆ ಭೋಜನಾನಂತರದ ತೂಕಡಿಕೆ ಬಿಡಲಾಗದು, ಮತ್ತೊಬ್ಬರು ಮೊದಲನೆಯವರ ಎದುರು ಕೂರಲೊಲ್ಲರು. ಹೇಗೋ ಸಭೆ ಕೂಡಿದ ದಿನ ಲಾರಿಯನ್ನು ನಾನೇ ನಿರ್ಮಿಸಿದವನಂತೆ ಬೀಗುತ್ತಿದ್ದೆ.

ಅಟ್ಟೂರಿನಿಂದ ಸೈಕಲ್ ತುಳಿದು ಬರುತ್ತಿದ್ದ ವರ್ಕ್‌ಶಾಪಿನ ಮೇಸ್ತ್ರಿ ಮುನಿಯಪ್ಪ ಮಾತ್ರ ಸಭೆಯುದ್ದಕ್ಕೂ ಬಾಗಿಲ ಬಳಿ ನಿಂತಿರುತ್ತಿದ್ದ. ಬೆತ್ತದ ಕುರ್ಚಿಗಳಿಗೆ ಎಣ್ಣೆಯ ಕಲೆ ಹತ್ತಬಾರದು, ಆದ್ದರಿಂದ ವರ್ಕ್‌ಶಾಪಿನ ಬಟ್ಟೆಯಲ್ಲಿ ಬಂದವರು ಕೂರಕೂಡದು ಎಂಬ ಕಟ್ಟಳೆ ಮಾಡಿದ ಮಹಾನುಭಾವ ನಾನೇ.

ಒಂದು ದಿನ ಹೊಸ ಬಾನೆಟ್ಟಿನ ನಕ್ಷೆ ಬಂತು. ಪೆನ್ನು ಕೈಯಿಂದ ಕೈಗೆ ಸಾಗುತ್ತಿದ್ದಾಗ ಮುನಿಯಪ್ಪ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ:

“ಸ್ವಾಮಿ, ಬಾನೆಟ್ ಎತ್ತಿ ನಿಲ್ಸೋ ಕಂಬಿ ಬಗ್ಗೆ ಒಂದ್ ಮಾತು ಏಳ್ಬೇಕಿತ್ತು. ಕೈಯಾಡೋ ಕಡೇನೇ ಇಟ್ಟವ್ರೆ. ಮೊಣಕೈ ತಗುಲಿದ್ರೆ ಬಾನೆಟ್ ಬಿದ್ದೋಯ್ತದೆ.”

“ಸಹಿ ಆಗ್ತಿದೆ ಕಣೋ, ಮುಂದಿನ ಸಭೇಲಿ ನೋಡೋಣ” ಎಂದೆ. ನಾಲ್ಕು ಸಹಿಗಳನ್ನು ಒಂದೇ ದಿನ ಗಿಟ್ಟಿಸಿದ ಸಂಭ್ರಮ ನನ್ನದು.

ಮುಂದಿನ ಸಭೆ ರಾಹುಕಾಲ, ರಜೆ, ನೆಗಡಿಗಳಲ್ಲಿ ಸಿಕ್ಕಿ ಮುಂದಕ್ಕೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಮೊದಲ ಲಾರಿ ತಯಾರಾಯಿತು. ಅಪಾಯ ತನಗೆ ಗೊತ್ತಿದೆಯೆಂದು ಮುನಿಯಪ್ಪ ಉಳಿದವರನ್ನು ಹಿಂದೆ ನಿಲ್ಲಿಸಿ ತಾನೇ ಇಂಜಿನ್ನಿಗೆ ಬಗ್ಗಿದನಂತೆ. ಕಂಬಿ ಜಾರಿತು, ಬಾನೆಟ್ಟು ಬಿತ್ತು, ಬಲಗೈಯ ಮೂರು ಬೆರಳುಗಳು ಹೋದವು. ನಾನು ಆಸ್ಪತ್ರೆಯ ಬಾಗಿಲವರೆಗೆ ಹೋಗಿ, ಒಳಗೆ ಹೋಗುವ ಧೈರ್ಯವಿಲ್ಲದೆ ವಾಪಸು ಬಂದೆ.

ಮುಂದೂಡಿದ ಸಭೆ ಮರುದಿನವೇ ಕೂಡಿತು. ರಾಹುಕಾಲದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಗಾಯ ಮಾಯ್ದ ಮೇಲೆ ಮುನಿಯಪ್ಪನನ್ನು ಗೇಟಿನ ಕಾವಲಿಗೆ ಹಾಕಿದರು. ತಿದ್ದಿದ ನಕ್ಷೆ ಕೊನೆಯ ಸಹಿಗೆ ಬಂದ ದಿನ ನಾನೇ ಹೋಗಿ ಅವನನ್ನು ಕರೆತಂದು, ನಾಲ್ವರ ನಡುವೆ ಐದನೆಯ ಕುರ್ಚಿ ಎಳೆದೆ. ಅವನು ತನ್ನ ಕಾವಲಿನ ಖಾಕಿಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿಕೊಂಡ.

“ಈಗ ಕುಂತ್ಕೋಬೋದು ಬಿಡಿ ಸ್ವಾಮಿ, ಬಟ್ಟೇಲಿ ಎಣ್ಣೆ ಇಲ್ಲ” ಎಂದು ಕೂತ.

ಕುಹಕವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮೊನ್ನೆಯೂ ಒಂದು ಮದುವೆಯಲ್ಲಿ ಕುರ್ಚಿಗಳನ್ನು ಎಣಿಸಿದೆ. ಬೇಕಾದಷ್ಟಿದ್ದವು. ಆದರೂ ಬಾಗಿಲ ಬಳಿ ಯಾರೋ ನಿಂತಿದ್ದರು, ನಾನು ಎದ್ದುಬಿಟ್ಟೆ.