ಅಜ್ಜಿಗೆ ಓದಿ ಹೇಳಿದ ಕಾದಂಬರಿ

ಶಿಡ್ಲಘಟ್ಟದ ಸಂದಿಗಳಲ್ಲಿ ನಡೆಯುವಾಗ ರೇಷ್ಮೆಗೂಡು ಬೇಯುವ ವಾಸನೆ ತಾಕಿದರೆ ನಾನು ಈಗಲೂ ಒಂದು ಗಳಿಗೆ ನಿಂತುಬಿಡುತ್ತೇನೆ. ಹೊಸಬರು ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನನಗೆ ಮಾತ್ರ ಅದರ ಹಬೆಯೊಳಗಿಂದ ನಮ್ಮ ಹಳೆಯ ಮನೆ ಮೆಲ್ಲಗೆ ಎದ್ದು ಬರುತ್ತದೆ: ಹಿಂದುಗಡೆ ನೂಲು ತೆಗೆಯುವ ಶೆಡ್ಡು, ಮುಂದೆ ನೀಲಿ ಸುಣ್ಣದ ಪಡಸಾಲೆ, ಅಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತ ಅಜ್ಜಿ, ಅಪ್ಪನ ತಾಯಿ. ಅವಳ ದನಿ ಬೀದಿ ಕೊನೆಯ ನಲ್ಲಿಯವರೆಗೂ ಕೇಳುತ್ತಿತ್ತು. ಶೆಡ್ಡಿನ ಹೆಂಗಸರೊಡನೆ ತೆಲುಗು, ನಮ್ಮೊಡನೆ ಕನ್ನಡ, ಬೈಯುವುದಕ್ಕೆ ಎರಡೂ. ಓದು ಮಾತ್ರ ಬರುತ್ತಿರಲಿಲ್ಲ. ಮಧ್ಯಾಹ್ನದ ಮಂಪರಿನಲ್ಲಿ ನಾನು ಲೈಬ್ರರಿಯ ಕಾದಂಬರಿಗಳನ್ನು ಅವಳಿಗೆ ಓದಿ ಹೇಳಬೇಕಿತ್ತು.

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಸಿಕ್ಕಿದ್ದು ರಟ್ಟು ಕಿತ್ತುಹೋದ ಒಂದು ಪುಸ್ತಕ. ಅದರಲ್ಲಿ ಒಬ್ಬ ತಾಯಿಗೆ ಕಾಯಿಲೆ. ಆಪರೇಷನ್ ಮಾಡಿಸಿದರೆ ಕಣ್ಣು ಹೋಗುತ್ತದೆ, ಬಿಟ್ಟರೆ ಜೀವವೇ ಹೋಗುತ್ತದೆ. ಏನು ಮಾಡುವುದೆಂದು ಮಕ್ಕಳು ಪುಟಗಟ್ಟಲೆ ಜಗಳವಾಡಿ ಅಳುತ್ತಾರೆ. ಅದೇ ಬೇಸಿಗೆಯಲ್ಲಿ ಅಜ್ಜಿಯ ಗಂಟಲು ಕಟ್ಟಿತು. ಅವಳನ್ನು ದೊಡ್ಡಾಸ್ಪತ್ರೆಯಲ್ಲಿ ತೋರಿಸಿಕೊಂಡು ಬಂದ ಅಪ್ಪ ಅವಳೆದುರು ಬರೀ ಹುಣ್ಣು ಎಂದರು. ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದ್ದು ಬೇರೆ. ಕದದ ಹಿಂದಿದ್ದ ನನಗದು ಕೇಳಿತು. ಕ್ಯಾನ್ಸರಂತೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. "ಮಾತಿಲ್ದೆ ಅಮ್ಮ ಹೆಂಗೆ ಬದುಕ್ತಾಳೆ? ಆಪರೇಷನ್ ಬೇಡ. ಇರೋಷ್ಟು ದಿನ ನೆಮ್ಮದಿಯಾಗಿರ್ಲಿ" ಎಂದಿದ್ದರು ಅಪ್ಪ.

ಮರುದಿನ ಪುಸ್ತಕದ ಮಕ್ಕಳೂ ಬೇಡವೆಂದು ತೀರ್ಮಾನಿಸುವ ಪುಟ ಬಂತು. ಅಜ್ಜಿ ಕೈಯೆತ್ತಿದಳು.

"ನಿಲ್ಸಮ್ಮ. ಇಷ್ಟೊಂದು ಅಳ್ತಾರಲ್ಲ, ಒಬ್ರಾದ್ರೂ ಅವಳನ್ನ ಕೇಳಿದ್ರಾ?"

ಹಿಂದಿನ ಪುಟಗಳನ್ನು ತಿರುವಿ ನೋಡಿದೆ. "ಇಲ್ಲಜ್ಜಿ."

"ನಂಗೇನಾಗೈತೆ ಅಂತ ನಿಂಗೆ ಗೊತ್ತೈತೆ. ಓದೋವಾಗ ದನಿ ನಡುಗ್ತೈತೆ."

ನಾನು ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಸೆರಗಿನಿಂದ ನನ್ನ ಕಣ್ಣೊರೆಸಿದಳು. ಆಮೇಲೆ, "ಹೋಗು, ನಿಮ್ಮಪ್ಪನ್ನ ಕರಿ" ಎಂದಳು. ಅಪ್ಪ ಒದ್ದೆ ಕೈ ಒರೆಸಿಕೊಳ್ಳುತ್ತಾ ಶೆಡ್ಡಿನಿಂದ ಬಂದರು.

"ನಂಗಿನ್ನೂ ಬದುಕೋ ಆಸೆ ಐತೆ ಕಣೋ. ಮಾತು ಹೋದ್ರೆ ಹೋಗ್ಲಿ. ಕಿವಿ ಇರ್ತಾವಲ್ಲ, ಈ ಮಗು ಓದಿದ್ದು ಕೇಳ್ಕೊಂಡಿರ್ತೀನಿ."

ಅಪ್ಪ ನೆಲದ ಮೇಲೆ ಕೂತು ಅವಳ ತೊಡೆಯಲ್ಲಿ ಮುಖವಿಟ್ಟರು. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಅಜ್ಜಿ ಶೆಡ್ಡಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದಳು. ಕರೆದಳು ಅಷ್ಟೇ, ಏನೂ ಹೇಳಲಿಲ್ಲ. ಕೊನೆಗೆ ನನ್ನ ಹೆಸರು. ಆ ಒಡಕು ದನಿಗೆ ನಾನು ನಾಚಿಕೊಂಡು ಅಮ್ಮನ ಸೆರಗಿನ ಹಿಂದೆ ಸರಿದಿದ್ದೆ.

ಕಾದಂಬರಿಯ ತಾಯಿ ಕೊನೆಯ ಅಧ್ಯಾಯದಲ್ಲಿ ತೀರಿಹೋದಳು. ನಮ್ಮಜ್ಜಿ ಇನ್ನೂ ನಾಲ್ಕು ವರ್ಷ ಬದುಕಿದಳು. ಆಪರೇಷನ್ನಿನಲ್ಲಿ ಉಸಿರಾಟಕ್ಕೆಂದು ಕೊರಳಿಗೆ ಮಾಡಿದ್ದ ತೂತಿನ ಮೇಲೆ ತೆಳುವಾದ ಬಿಳಿ ಬಟ್ಟೆ ಇಳಿಬಿಟ್ಟುಕೊಂಡು ಕೇಳುತ್ತಾ ಕೂರುತ್ತಿದ್ದಳು. ಇಷ್ಟವಾದ ಸಾಲು ಬಂದರೆ ನನ್ನ ಮಂಡಿ ತಟ್ಟುತ್ತಿದ್ದಳು, ಅದನ್ನು ಮತ್ತೆ ಓದಬೇಕಿತ್ತು. ಈಗ ಅವಳೂ ಇಲ್ಲ, ಆ ಮನೆಯೂ ಇಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ದನಿ ಇದ್ದಿರಬಹುದು, ಎಂದೆಂದೂ ಇರುತ್ತದೆಂದು ನೀವೂ ನಂಬಿದ್ದಿರಬಹುದು. ಅವಳ ದನಿಯನ್ನು ಹಿಡಿದಿಡಬೇಕೆಂದು ನಮಗ್ಯಾರಿಗೂ ತೋಚಲಿಲ್ಲ. ಕನಸಿನಲ್ಲಿ ಅವಳ ಮುಖ ಬರುತ್ತದೆ, ಬೆರಳುಗಳು ಬರುತ್ತವೆ. ನನ್ನನ್ನು ಕರೆಯಲು ಬಾಯಿ ತೆರೆಯುತ್ತಾಳೆ. ಉಸಿರು ಬಿಗಿಹಿಡಿದು ಕಾಯುತ್ತೇನೆ. ಏನೂ ಕೇಳಿಸುವುದಿಲ್ಲ.