ಅತ್ತೆ ಹೊಲಿದ ಚೀನೀ ತೋಳು

ಕಳೆದ ವರ್ಷದ ಚೀನೀ ಹೊಸವರ್ಷದ ಹಬ್ಬದಲ್ಲಿ ನಡೆದದ್ದಿದು. ಅಮೆರಿಕದ ಇರ್ವಿಂಗ್‌ನಲ್ಲಿ ನಮ್ಮ ಪಕ್ಕದ ಮನೆಯ ಲಿನ್ ತನ್ನ ಚೀನಾ ದೇಶದ ಸಾಂಪ್ರದಾಯಿಕ ನೃತ್ಯ ಕಲಿಸುತ್ತಾಳೆ. ನಲವತ್ತೈದರಲ್ಲಿ ನನಗೂ ಹುಚ್ಚು ಹತ್ತಿ ಸೇರಿಕೊಂಡೆ. ಆ ನೃತ್ಯದ ಜೀವವೆಲ್ಲ ಅಂಗಿಯ ತೋಳಿನಲ್ಲಿದೆ. ಕೈಗಿಂತ ಎರಡು ಮೊಳ ಉದ್ದವಿರುವ ರೇಷ್ಮೆ ತೋಳನ್ನು ಮಣಿಕಟ್ಟಿನ ಬಳಿ ಮಡಚಿ ಹಿಡಿದು ವೇದಿಕೆಗೆ ಬರಬೇಕು. ನಗಾರಿ ಬಾರಿಸಿದ ಕೂಡಲೇ ಬೀಸಿ ಹಾರಿಸಬೇಕು. ಮನೆಯಲ್ಲಿ ಬೀಸಿ ಬೀಸಿ ಹೂದಾನಿ ಒಡೆದಾಗ ನನ್ನ ಗಂಡ, "ಈ ವಯಸ್ಸಿಗೆ ಇದೆಲ್ಲಾ ಬೇಕಿತ್ತಾ?" ಎಂದಿದ್ದರು. ಅವರೆದುರು ಸೈ ಅನ್ನಿಸಿಕೊಳ್ಳದೆ ಬಿಡಬಾರದೆಂದು ಹಟ ಹಿಡಿದಿದ್ದೆ.

ಅದೇ ವಾರ ಮೈಸೂರಿನಿಂದ ಅತ್ತೆ ಬಂದಿದ್ದರು. ಕಾರ್ಯಕ್ರಮಕ್ಕೆ ಹೊರಟಾಗ ಕಾರಿನಲ್ಲಿ, "ನಿನ್ ಡ್ರೆಸ್ಸು ಸರಿ ಮಾಡಿಟ್ಟಿದೀನಿ ಕಣೇ" ಎಂದರು. ಇಸ್ತ್ರಿ ಮಾಡಿರಬೇಕು ಅಂದುಕೊಂಡೆ. ಹೈವೇ ಟ್ರಾಫಿಕ್ಕಿನಿಂದ ತಡವಾಗಿ, ಲಿನ್ ಗಡಿಬಿಡಿಯಲ್ಲಿ ಅಂಗಿ ತೊಡಿಸಿ ನನ್ನನ್ನು ವೇದಿಕೆಗೆ ನೂಕಿದಳು.

ನಗಾರಿ ಮೊಳಗಿತು. ಎಲ್ಲರ ತೋಳುಗಳೂ ಹಾರಿದವು, ನನ್ನದು ಹಾರಲಿಲ್ಲ. ನೋಡಿದರೆ, ಬೆಳೆಯುವ ಮಕ್ಕಳ ಲಂಗಕ್ಕೆ ಹಾಕುವಂತೆ ಎರಡೂ ತೋಳಿಗೆ ಒಳಮಡಿಕೆ ಕೊಟ್ಟು, ಜೋಡಿ ದಾರದಲ್ಲಿ ಹೊಲಿದಿದ್ದರು! ಮುಂದಿನ ಸಾಲಿನಲ್ಲಿ ಅತ್ತೆ ಹೆಮ್ಮೆಯಿಂದ ಬೀಗುತ್ತಿದ್ದರು. ಪಕ್ಕದಲ್ಲಿ ಗಂಡ ವಿಡಿಯೋ ತೆಗೆಯುತ್ತಿದ್ದರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಪುಣ್ಯಕ್ಕೆ, ನಾಚಿಕೊಂಡು ಬಲತೋಳಿನ ಹಿಂದೆ ಮುಖ ಮರೆಸಿಕೊಳ್ಳುವ ಭಂಗಿ ಬಂತು. ಎಲ್ಲರೂ ನಾಚಿದರು, ನಾನು ದಾರ ಕಚ್ಚಿದೆ. ಎಲ್ಲರ ನಾಚಿಕೆ ಮುಗಿದರೂ ನನ್ನದು ಮುಗಿಯಲಿಲ್ಲ. ಅತ್ತೆಯ ಹೊಲಿಗೆ ಅಂದರೆ ಸುಮ್ಮನೆಯೇ! ಕೊನೆಗೂ ದಾರ ಪಟ್ಟನೆ ಕಿತ್ತುಹೋಗಿ, ತೋಳು ಭರ್ರನೆ ಹಾರಿತು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಎಡತೋಳು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ.

"ನಿನ್ನ ನಾಚಿಕೆ ಎಷ್ಟು ಚೆನ್ನಾಗಿತ್ತು! ಮುಂದಿನ ಸಲ ಎಲ್ಲರೂ ಅಷ್ಟು ಹೊತ್ತು ನಾಚೋಣ" ಎಂದು ಲಿನ್ ಅಪ್ಪಿಕೊಂಡಳು. ಗಂಡ ಕೂಡ, "ಪರವಾಗಿಲ್ಲ ಕಣೇ, ಭೇಷ್!" ಎಂದರು. ಅತ್ತೆಯನ್ನು ತರಾಟೆಗೆ ತೆಗೆದುಕೊಳ್ಳೋಣವೆಂದು ತಿರುಗಿದೆ. ಅವರ ಮುಖ ಸಣ್ಣಗಾಗಿತ್ತು.

"ಒಂದು ತೋಳು ಬಿಚ್ಚೋಯ್ತಲ್ಲೇ, ಮನೇಲಿ ಹೊಲಿದುಕೊಡ್ತೀನಿ ಬಾ" ಎಂದರು. ಆಮೇಲೆ ಮೆಲ್ಲಗೆ, "ಪಾಪ, ತೋಳು ಜೋತಾಡ್ತಿದ್ದ ಆ ಹುಡುಗೀರಿಗೆ ಮನೇಲಿ ಹೊಲಿದುಕೊಡೋರು ಯಾರೂ ಇಲ್ವೇನೇ?" ಎಂದು ಕೇಳಿದರು.

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಹೌದಲ್ಲ, ನನಗೊಬ್ಬರಿದ್ದಾರೆ ಅನ್ನಿಸಿ ಕಣ್ಣು ತುಂಬಿ ಬಂತು. ಆ ಎಡತೋಳಿನ ಹೊಲಿಗೆಯನ್ನು ಇವತ್ತಿಗೂ ಬಿಚ್ಚಿಲ್ಲ. ಈ ಸಲ ಲಿನ್ ಬೇರೆ ಅಂಗಿ ಕೊಟ್ಟಿದ್ದಾಳೆ. ಅತ್ತೆ ಮತ್ತೆ ಬಂದಿರುವುದರಿಂದ, ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ್ದೇನೆ.