ಸ್ಪಿರಿಟ್ ಬಾಟಲಿಯ ಹೂವು

ಸೌದಿಯ ದಮ್ಮಾಮಿನಲ್ಲಿ ನನ್ನ ರೂಮಿನಲ್ಲಿದ್ದ ಎ.ಸಿ. ಮೆಕ್ಯಾನಿಕ್ ಏನು ತೋರಿಸುವಾಗಲೂ, "ಹತ್ತಿರ ಬಂದು ನೋಡು ಮಾರಾಯ" ಎನ್ನುತ್ತಿದ್ದರು. ಒಮ್ಮೆ ಊರಿಂದ ರಜೆ ಮುಗಿಸಿ ಬಂದವರು ಔಷಧಿಯ ಪುಟ್ಟ ಬಾಟಲಿಯೊಂದನ್ನು ಟ್ಯೂಬ್‌ಲೈಟಿಗೆ ಹಿಡಿದರು. ಒಳಗೆ ಸ್ಪಿರಿಟ್ಟಿನಲ್ಲಿ ಬೆರಳುದ್ದದ, ಎಲೆಯೇ ಇಲ್ಲದ ಗಿಡ.

"ಎಂತ ಇದು, ಅಣಬೆಯಾ?"

"ಅಲ್ಲ, ಹೂವು. ಮಣ್ಣಿನೊಳಗಿನ ಫಂಗಸ್ ತಿಂದು ಬದುಕುವುದು. ಮಳೆಗಾಲದಲ್ಲಿ ನಾಲ್ಕು ದಿನ ಮೇಲೆ ಬರ್ತದೆ. ಇಷ್ಟು ವರ್ಷ ಹುಡುಕಿ ನನಗೆ ಸಿಕ್ಕಿದ್ದು ಇದೊಂದೇ. ಮುಂದಿನ ರಜೆಯಲ್ಲಿ ಕಾಲೇಜಿನ ಲೆಕ್ಚರರಿಗೆ ತೋರಿಸಿ ಹೆಸರು ಕೇಳ್ಬೇಕು. ಮನೆಯಲ್ಲಿ ಇಟ್ಟರೆ ಯಾರಾದ್ರೂ ಬಿಸಾಡ್ತಾರೆ."

ಅವರು ಡ್ಯೂಟಿಯಲ್ಲಿದ್ದಾಗ ಒಂದು ದಿನ ರೂಮ್ ಚೆಕ್ಕಿಂಗ್ ಇದೆಯೆಂದು ಸುದ್ದಿ ಬಂತು. ಬಾಟಲಿಯ ಮುಚ್ಚಳ ತೆಗೆದರೆ ಸಾರಾಯಿಯಂಥ ವಾಸನೆ. ಮದ್ಯ ನಿಷೇಧವಿರುವ ಈ ದೇಶದಲ್ಲಿ ಸಿಕ್ಕಿಬಿದ್ದರೆ ಇಬ್ಬರ ಕೆಲಸವೂ ಹೋದೀತೆಂದು ಹೆದರಿ, ಎಲ್ಲವನ್ನೂ ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ಚೆಕ್ಕಿಂಗಿಗೆ ಯಾರೂ ಬರಲಿಲ್ಲ.

ಸಂಜೆ ವಿಷಯ ಹೇಳಿದೆ. ಅವರು ಸಿಂಕಿನ ಜಾಲರಿ ತೆಗೆದರು, ಕೆಳಗಿನ ಪೈಪನ್ನೂ ಕಳಚಿ ಬೆರಳಾಡಿಸಿ ಬಹಳ ಹೊತ್ತು ಹುಡುಕಿದರು. ಮತ್ತೆ ಎಲ್ಲ ಜೋಡಿಸಿ, ಕೈ ತೊಳೆದು, "ಹೆದರಿಕೆ ಯಾರಿಗಾದ್ರೂ ಆಗ್ತದೆ. ಬಾ, ಊಟ ಮಾಡುವ" ಎಂದರು.

ಮುಂದಿನ ರಜೆಯಿಂದ ಬರುವಾಗ ನನಗೆಂದೇ ಹಲಸಿನ ಚಿಪ್ಸ್ ತಂದಿದ್ದರು. ಹೂವು ಮತ್ತೆ ಸಿಕ್ಕಿತೇ ಎಂದು ಕೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವರು ಡಬ್ಬಿಯನ್ನು ನನ್ನ ಮುಂದೆ ಹಿಡಿದು, "ಉಪ್ಪು ಸಾಕಾ?" ಎಂದರು.